ಪೈಥಾನ್‌ನಲ್ಲಿ ವೇವ್ ಫೈಲ್ ಜೋಡಿಸಿ ಪ್ಲೇ ಮಾಡಿದರೆ "ಟಕ್" ಸದ್ದು (ತಿದ್ದಿದ್ದು: ಟಕ್ ಹೋಯಿತು, ಈಗ 27ನೇ ಟೋಕನ್‌ಗೆ ಬುಸ್ ಸದ್ದು)

ಟೋಕನ್_ತಮ್ಮ · ಶನಿವಾರ, ಬೆಳಗ್ಗೆ 9:12

ಎಲ್ಲರಿಗೂ ನಮಸ್ಕಾರ. ಹನುಮಂತನಗರದ ಕಡೆ ನಮ್ಮ ಭಾವನವರ ಸಣ್ಣ ಕ್ಲಿನಿಕ್ ಇದೆ. ಎರಡು ಕೊಠಡಿ, ಹೊರಗೆ ಹತ್ತು ಹನ್ನೆರಡು ಕುರ್ಚಿ. ಇಷ್ಟು ದಿನ ಕಾಂಪೌಂಡರ್ ಬಾಗಿಲಲ್ಲಿ ನಿಂತು ನಂಬರ್ ಕೂಗುತ್ತಿದ್ದರು. ಮೊನ್ನೆ ಅವರ ಗಂಟಲೇ ಕಟ್ಟಿಹೋಯಿತು. "ನೀನು ಕಂಪ್ಯೂಟರ್ ಓದಿದವನು ಅಲ್ವಾ, ಏನಾದರೂ ಮಾಡು" ಅಂತ ಅಕ್ಕ ಈ ಕೆಲಸವನ್ನು ನನ್ನ ತಲೆಗೆ ಕಟ್ಟಿದಳು.

ರಾಸ್ಪ್‌ಬೆರಿ ಪೈ 4 (ಅಂಗೈಯಗಲದ ಕಂಪ್ಯೂಟರ್) ಒಂದು ಮನೆಯಲ್ಲಿ ಸುಮ್ನೆ ಬಿದ್ದಿತ್ತು. ಎಸ್.ಪಿ. ರೋಡಿನಿಂದ ಪುಟ್ಟ ಆಂಪ್ಲಿಫೈಯರ್ ತಂದೆ, ಗೋಡೆಗೆ ಸ್ಪೀಕರ್ ಹಾಕಿದೆ. ಅಕ್ಕನ ದನಿಯಲ್ಲೇ ಒಂದರಿಂದ ನೂರರವರೆಗೆ ಫೋನಿನಲ್ಲಿ ರೆಕಾರ್ಡ್ ಮಾಡಿ, ಎಫ್‌ಎಫ್‌ಎಂಪೆಗ್‌ನಿಂದ (ದನಿ ಫೈಲಿನ ನಮೂನೆ ಬದಲಿಸುವ ಸಾಫ್ಟ್‌ವೇರ್) ವೇವ್ ಫೈಲ್ ಮಾಡಿಕೊಂಡೆ. 22,050 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಸ್ಯಾಂಪಲ್, ಅಂದರೆ ದನಿಯ ಅಳತೆ), ಮೋನೋ (ಒಂದೇ ಚಾನಲ್), 16 ಬಿಟ್. ಪೈಥಾನ್ ಕೋಡ್ ಆ ಫೈಲ್‌ಗಳ ಬೈಟ್‌ಗಳನ್ನು ಒಂದರ ಹಿಂದೆ ಒಂದು ಜೋಡಿಸಿ, 2,048 ಬೈಟ್‌ಗಳ ತುಂಡು ಮಾಡಿ ಪೈಆಡಿಯೋಗೆ (ದನಿಯನ್ನು ಸ್ಪೀಕರಿಗೆ ಕೊಡುವ ಪೈಥಾನ್ ಲೈಬ್ರರಿ) ಕಳಿಸುತ್ತದೆ. "ಟೋಕನ್ ಸಂಖ್ಯೆ", "ಇಪ್ಪತ್ತಾರು", "ಒಂದನೇ ಕೊಠಡಿಗೆ", "ಬನ್ನಿ". ಒಂದು ಕೂಗಿಗೆ ನಾಲ್ಕು ಫೈಲ್.

ತೊಂದರೆ ಏನೆಂದರೆ, ಪ್ರತಿ ಫೈಲಿನ ಶುರುವಿನಲ್ಲಿ "ಟಕ್" ಅನ್ನುತ್ತದೆ. ಮೈಕಿಗೆ ಯಾರೋ ಬೆರಳಲ್ಲಿ ಹೊಡೆದ ಹಾಗೆ. ಅದೇ ಫೈಲ್ ಲ್ಯಾಪ್‌ಟಾಪಿನ ಪ್ಲೇಯರ್‌ನಲ್ಲಿ ಚೊಕ್ಕವಾಗಿದೆ. ಇದು ಸಾಲದು ಅಂತ ಸ್ಪೀಕರಿನಿಂದ ಹಗಲೆಲ್ಲ ಸಣ್ಣಗೆ ಒಂದು "ಗುಂಯ್" ಬೇರೆ. ಕಾಯುತ್ತಾ ಕೂತ ಅಜ್ಜಿಯೊಬ್ಬರು ಜೇನು ಗೂಡು ಕಟ್ಟಿದೆಯಾ ಅಂತ ಮೇಲೆ ನೋಡಿದರು.

ಸುಮ್ನೆ_ಓದುಗ · ಬೆಳಗ್ಗೆ 9:31

ಸ್ಪೀಕರ್ ಹೋಗಿರಬೇಕು. ಬದಲಾಯಿಸಿ ನೋಡಿ.

ಎಸ್ಪಿ_ರೋಡ್_ಪ್ರಜೆ · ಬೆಳಗ್ಗೆ 9:50

ಪದ ಯಾವಾಗ ಶುರುವಾಗುತ್ತದೆ ಅಂತ ಕಾದು ನೋಡಿ "ಟಕ್" ಅನ್ನುವಷ್ಟು ಬುದ್ಧಿ ಸ್ಪೀಕರಿಗೆ ಇಲ್ಲ ಗುರು. ಹಾಳಾದ ಸ್ಪೀಕರ್ ಎಲ್ಲ ಕಡೆಯೂ ಹಾಳಾಗಿಯೇ ಕೇಳುತ್ತದೆ. ಟಕ್ ಮತ್ತು ಗುಂಯ್ ಎರಡು ಬೇರೆ ಬೇರೆ ಕಾಯಿಲೆ. ಟಕ್ ಕೋಡಿನದು, ಅದನ್ನು ಬಲ್ಲವರು ಹೇಳಲಿ. ಗುಂಯ್ ನನಗೆ ಬಿಡಿ.

ತಮ್ಮ, ಒಂದು ಪರೀಕ್ಷೆ ಮಾಡಿ. ಪೈಗೆ ಚುಚ್ಚಿರುವ ಅಡಾಪ್ಟರ್ ಕಿತ್ತು, ಪವರ್ ಬ್ಯಾಂಕಿನಲ್ಲಿ ಓಡಿಸಿ. ಆಂಪ್ಲಿಫೈಯರ್ ಹಾಗೇ ಇರಲಿ. ಗುಂಯ್ ಹೋಯಿತಾ, ಉಳಿಯಿತಾ ಹೇಳಿ.

ಬೈಟೂ_ಕಾಫಿ · ಬೆಳಗ್ಗೆ 10:20

ಟಕ್ ಬಗ್ಗೆ. ನೀವು ಫೈಲನ್ನು ಇಡಿಯಾಗಿ ಓದಿ ಕಳಿಸುತ್ತಿದ್ದೀರಿ ಅಂತ ಕಾಣುತ್ತದೆ. ವೇವ್ ಫೈಲ್ ಅಂದರೆ ಬರೀ ಸದ್ದಲ್ಲ. ಮೊದಲಲ್ಲಿ ಹೆಡರ್ ಇರುತ್ತದೆ. ಸಾಧಾರಣ ವೇವ್ ಫೈಲಿನಲ್ಲಿ ಅದು 44 ಬೈಟ್. ಸ್ಯಾಂಪಲ್ ರೇಟ್ ಎಷ್ಟು, ಎಷ್ಟು ಬಿಟ್, ಎಷ್ಟು ಚಾನಲ್ ಅನ್ನುವ ಜಾತಕ ಅದರಲ್ಲಿದೆ. ಪ್ಲೇಯರ್ ಅದನ್ನು ಓದಿ ಪಕ್ಕಕ್ಕಿಡುತ್ತದೆ. ಪೈಆಡಿಯೋಗೆ ಹೆಡರ್ ಯಾವುದು, ದನಿ ಯಾವುದು ಗೊತ್ತಿಲ್ಲ. ಕೊಟ್ಟದ್ದನ್ನೆಲ್ಲ ಸ್ಪೀಕರಿಗೆ ಸುರಿಯುತ್ತದೆ.

ಲೆಕ್ಕ ಹಾಕಿದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಫೈಲಿನ ಮೊದಲ ನಾಲ್ಕು ಬೈಟ್ ಆರ್, ಐ, ಎಫ್, ಎಫ್ ಅನ್ನುವ ಅಕ್ಷರಗಳು. 16 ಬಿಟ್ ಅಂದರೆ ಎರಡೆರಡು ಬೈಟ್ ಸೇರಿ ಒಂದು ಸ್ಯಾಂಪಲ್. ಆರ್ ಅಂದರೆ 82, ಐ ಅಂದರೆ 73. ಎರಡನೆಯ ಬೈಟ್‌ಗೆ 256ರ ತೂಕ. 73 × 256 + 82 = 18,770. ಸ್ಯಾಂಪಲ್ ಮುಟ್ಟಬಹುದಾದ ಮೇಲ್ಮಿತಿ 32,767. ಅಂದರೆ ಮೌನ ಇರಬೇಕಾದ ಜಾಗದಲ್ಲಿ ಸ್ಪೀಕರಿನ ಕೋನ್ ಅರ್ಧಕ್ಕಿಂತ ಜಾಸ್ತಿ ಮುಂದಕ್ಕೆ ನೆಗೆಯುತ್ತದೆ. 44 ಬೈಟ್ ಅಂದರೆ 22 ಸ್ಯಾಂಪಲ್, ನಿಮ್ಮ ರೇಟಿನಲ್ಲಿ ಸರಿಸುಮಾರು 1 ಮಿಲಿಸೆಕೆಂಡ್. ಅದೇ ನಿಮ್ಮ ಟಕ್. ಅಕ್ಷರಗಳನ್ನು ಕಿವಿಯಲ್ಲಿ ಕೇಳುತ್ತಿದ್ದೀರಿ.

ಟೋಕನ್_ತಮ್ಮ · ಮಧ್ಯಾಹ್ನ 1:15

ಮೇಡಂ, ಮೊದಲ 44 ಬೈಟ್ ಬಿಟ್ಟು ಕಳಿಸಿದೆ. ಟಕ್ ಇದ್ದದ್ದು "ಟಿಕ್" ಆಗಿದೆ. ಪೂರ್ತಿ ಹೋಗಿಲ್ಲ.

ಅಣ್ಣ, ಪವರ್ ಬ್ಯಾಂಕಿನಲ್ಲಿ ಗುಂಯ್ ಮುಕ್ಕಾಲು ಪಾಲು ಹೋಯಿತು! ಸಣ್ಣ "ಸುಯ್" ಒಂದು ಉಳಿದಿದೆ.

ಬೈಟೂ_ಕಾಫಿ · ಮಧ್ಯಾಹ್ನ 1:40

ಎಫ್‌ಎಫ್‌ಎಂಪೆಗ್ ಅಂತ ಮೊದಲೇ ಹೇಳಿದ್ದೀರಿ, ನಾನು ಗಮನಿಸಲಿಲ್ಲ. ಅದು ಫೈಲಿನಲ್ಲಿ ತನ್ನ ಹೆಸರು, ಆವೃತ್ತಿ ಬರೆದು ಒಂದು ಲಿಸ್ಟ್ ಚಂಕ್ (ಚಂಕ್ ಅಂದರೆ ಫೈಲಿನೊಳಗಿನ ಒಂದು ಡಬ್ಬಿ) ಸೇರಿಸುತ್ತದೆ. ಸಾಮಾನ್ಯವಾಗಿ 34 ಬೈಟ್. ಹಾಗಾಗಿ ದನಿ ಶುರುವಾಗುವುದು 44ರ ನಂತರ ಅಲ್ಲ, 78ರ ನಂತರ. ಆದರೆ 78 ಅಂತ ಕೋಡಿನಲ್ಲಿ ಬರೆದುಬಿಡಬೇಡಿ. ಕೆಲವು ಸಾಫ್ಟ್‌ವೇರ್ ಈ ಚಂಕ್ ಅನ್ನು ದನಿ ಮುಗಿದ ಮೇಲೆ ಇಡುತ್ತವೆ. ಆಗ ಟಿಕ್ ಪದದ ಕೊನೆಗೆ ಬರುತ್ತದೆ. ವೇವ್ ಫೈಲಿನ ಈ ಡಬ್ಬಿ ಡಬ್ಬಿ ರಚನೆ 1991ರಲ್ಲಿ ಮೈಕ್ರೋಸಾಫ್ಟ್ ಮತ್ತು ಐಬಿಎಂ ಹೊರತಂದದ್ದು. ಡಬ್ಬಿಗಳ ಅಳತೆ ಫೈಲಿನಲ್ಲೇ ಬರೆದಿರುತ್ತದೆ. ಅದನ್ನು ಓದಬೇಕು, ಊಹಿಸಬಾರದು.

ಪೈಥಾನ್ ಜೊತೆಗೇ ವೇವ್ ಅನ್ನುವ ಮಾಡ್ಯೂಲ್ ಬರುತ್ತದೆ. ಅದರಲ್ಲಿ ಫೈಲ್ ತೆರೆದು ರೀಡ್‌ಫ್ರೇಮ್ಸ್ ಕರೆದರೆ ಬರೀ ದನಿಯ ಬೈಟ್ ಸಿಗುತ್ತದೆ.

ಎಸ್ಪಿ_ರೋಡ್_ಪ್ರಜೆ · ಮಧ್ಯಾಹ್ನ 2:05

ನಾನು ಅಂದುಕೊಂಡದ್ದೇ. ನಮ್ಮ ಕರೆಂಟು 230 ವೋಲ್ಟ್, 50 ಹರ್ಟ್ಸ್. ಗುಂಯ್ ಅನ್ನುವುದು ಆ 50 ಅಥವಾ ಅದರ ದುಪ್ಪಟ್ಟು 100. ಪೈನ ಅಡಾಪ್ಟರ್ ಒಂದು ಪ್ಲಗ್ಗಿನಲ್ಲಿ, ಆಂಪ್ಲಿಫೈಯರ್ ಇನ್ನೊಂದು ಗೋಡೆಯ ಪ್ಲಗ್ಗಿನಲ್ಲಿ ಇರಬೇಕು, ಅಲ್ವಾ? ಎರಡೂ ಬೇರೆ ಬೇರೆ ದಾರಿಯಿಂದ ಅರ್ಥಿಂಗ್ ಹುಡುಕಿಕೊಂಡು ಹೋದರೆ, ಆಡಿಯೋ ವೈರಿನ ನೆಲದ ತಂತಿಯಲ್ಲಿ ಅಷ್ಟಿಷ್ಟು ಕರೆಂಟ್ ಹರಿಯುತ್ತದೆ. ಅದೇ ಗುಂಯ್. ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬಾಕ್ಸಿಗೆ ಹಾಕಿ. ಆಗಲೂ ಹೋಗದಿದ್ದರೆ ನಡುವೆ ಆಡಿಯೋ ಐಸೊಲೇಶನ್ ಟ್ರಾನ್ಸ್‌ಫಾರ್ಮರ್. ಮೂರು ಪಿನ್ನಿನ ಅರ್ಥ್ ಪಿನ್ನನ್ನು ಮಾತ್ರ ಕೀಳಬೇಡಿ. ಯಾರೋ ಒಬ್ಬರು ಆ ಸಲಹೆ ಕೊಟ್ಟೇ ಕೊಡುತ್ತಾರೆ. ಅದು ಶಾಕ್ ಹೊಡೆಸಿಕೊಳ್ಳುವ ದಾರಿ.

ಉಳಿದ "ಸುಯ್" ಪೈನ ಇಯರ್‌ಫೋನ್ ತೂತಿನದು. ಪೈ 4ರಲ್ಲಿ ಅದಕ್ಕೆ ಅಂತ ಸರಿಯಾದ ಡಿಎಸಿ (ಅಂಕಿಗಳನ್ನು ದನಿಯ ಕರೆಂಟ್ ಮಾಡುವ ಚಿಪ್) ಇಲ್ಲ. ಪಲ್ಸ್‌ಗಳ ಅಗಲ ಹೆಚ್ಚು ಕಡಿಮೆ ಮಾಡಿ ದನಿ ಹುಟ್ಟಿಸುತ್ತಾರೆ. ಕೋಡಿನಲ್ಲಿ ಏನು ಮಾಡಿದರೂ ಆ ಸುಯ್ ಪೂರ್ತಿ ಹೋಗುವುದಿಲ್ಲ. ಯುಎಸ್‌ಬಿ ಸೌಂಡ್ ಕಾರ್ಡ್ ಒಂದು ತಂದು ಅದರಿಂದ ವೈರ್ ಎಳೆಯಿರಿ. ಪೈ 5ರಲ್ಲಂತೂ ಆ ತೂತೇ ಇಲ್ಲ.

ಇನ್ನೊಂದು. ಕಾಂಪೌಂಡರ್ ಹತ್ತಿರ ಹಳೇ ಬಟನ್ ಫೋನ್ ಇದ್ದು, ಅದನ್ನು ಆಂಪ್ಲಿಫೈಯರ್ ಮೇಲೆ ಇಟ್ಟರೆ ಕಾಲ್ ಬರುವ ಮುಂಚೆ "ಡಿರ್ ಡಿರ್ ಡಿರ್" ಅಂತ ಬರುತ್ತದೆ. 2ಜಿ ಫೋನ್ ಸೆಕೆಂಡಿಗೆ ಸುಮಾರು 217 ಸಲ ಮಿಡಿಯುವುದರ ಸದ್ದು ಅದು. ಫೋನ್ ಒಂದು ಮೊಳ ಆಚೆ ಇಡಲು ಹೇಳಿ.

ನಿವೃತ್ತ_ಮೇಷ್ಟ್ರು · ಸಂಜೆ 4:30

ತಾಂತ್ರಿಕ ವಿಚಾರ ನನಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಒಂದು ಕುತೂಹಲ. ನೂರು ಸಂಖ್ಯೆ ರೆಕಾರ್ಡ್ ಮಾಡುವ ಬದಲು "ಇಪ್ಪತ್ತು" ಒಂದು, "ಏಳು" ಒಂದು ಇಟ್ಟುಕೊಂಡು ಜೋಡಿಸಬಹುದಿತ್ತಲ್ಲವೇ?

ಟೋಕನ್_ತಮ್ಮ · ಸಂಜೆ 4:52

ಮೊದಲು ಹಾಗೇ ಮಾಡಿದೆ ಸರ್. "ಇಪ್ಪತ್ತು ಏಳು" ಅಂತ ಬಂತು. ಭಾವನವರು ನಕ್ಕರು. ಹೊರಗೆ ಕೂತವರಲ್ಲಿ ಇಪ್ಪತ್ತನೆಯವರೂ ಏಳನೆಯವರೂ ಇಬ್ಬರೂ ಎದ್ದರೆ ಏನು ಗತಿ ಅಂತ.

ನಿವೃತ್ತ_ಮೇಷ್ಟ್ರು · ಸಂಜೆ 5:10

ಹೌದಪ್ಪ, "ಇಪ್ಪತ್ತು" ಮತ್ತು "ಏಳು" ಸೇರಿದಾಗ ನಡುವಿನ ಉಕಾರ ಲೋಪವಾಗಿ "ಇಪ್ಪತ್ತೇಳು" ಆಗುತ್ತದೆ. ಲೋಪ ಸಂಧಿ. ಇಂಗ್ಲಿಷಿನವರಿಗೆ ಈ ತಾಪತ್ರಯ ಇಲ್ಲ. ನೂರು ದಾಟಿದರೆ ಏನು ಮಾಡುತ್ತೀರಿ?

ಟೋಕನ್_ತಮ್ಮ · ಸಂಜೆ 5:14

ಇಷ್ಟು ಸಣ್ಣ ಕ್ಲಿನಿಕ್ಕಿಗೆ ಒಂದೇ ದಿನ ನೂರು ಜನ ಬರುವುದಿಲ್ಲ ಸರ್.

ಟೋಕನ್_ತಮ್ಮ · ಮಂಗಳವಾರ, ರಾತ್ರಿ 10:05

ವರದಿ. ಒಂದೇ ಎಕ್ಸ್‌ಟೆನ್ಶನ್ ಬಾಕ್ಸ್, ಯುಎಸ್‌ಬಿ ಸೌಂಡ್ ಕಾರ್ಡ್, ವೇವ್ ಮಾಡ್ಯೂಲ್. ಗುಂಯ್ ಇಲ್ಲ, ಸುಯ್ ಇಲ್ಲ, ಟಕ್ಕೂ ಇಲ್ಲ. ಒಂದು ದಿನ ಖುಷಿಯಾಗಿದ್ದೆ.

ಆಮೇಲೆ ನನ್ನ ಕೈ ಸುಮ್ಮನಿರಲಿಲ್ಲ. ಪದಗಳ ನಡುವೆ ಅಂತರ ಜಾಸ್ತಿ ಅನ್ನಿಸಿತು. ಅಕ್ಕ ಪ್ರತಿ ಸಲ ಬಟನ್ ಒತ್ತಿ, ಉಸಿರು ಎಳೆದುಕೊಂಡು ಆಮೇಲೆ ಹೇಳಿದ್ದಾಳೆ. ಹಾಗಾಗಿ ಪ್ರತಿ ಫೈಲಿನ ಮೊದಲಲ್ಲಿ ಒಂದಿಷ್ಟು ಮೌನ ಇದೆ. ಆಡಾಸಿಟಿಯಲ್ಲಿ (ದನಿ ತಿದ್ದುವ ಸಾಫ್ಟ್‌ವೇರ್) ಒಂದೊಂದೇ ನೋಡಿ, ಯಾವುದಕ್ಕೆ ಎಷ್ಟು ಸೆಕೆಂಡ್ ಕತ್ತರಿಸಬೇಕು ಅಂತ ಪಟ್ಟಿ ಮಾಡಿ ಕೋಡಿಗೆ ಕೊಟ್ಟೆ. ಈಗ ಆಗುತ್ತಿರುವುದು ನೋಡಿ.

26, ಒಂದನೇ ಕೊಠಡಿ: ಎಲ್ಲ ಚೊಕ್ಕ.
27, ಒಂದನೇ ಕೊಠಡಿ: "ಟೋಕನ್ ಸಂಖ್ಯೆ" ಸರಿ. "ಇಪ್ಪತ್ತೇಳು" ಶುರುವಾದದ್ದೇ ಬುಸ್ ಅನ್ನುವ ಸದ್ದು, ಕೊನೆಯ "ಬನ್ನಿ" ತನಕ.
27, ಎರಡನೇ ಕೊಠಡಿ: "ಇಪ್ಪತ್ತೇಳು" ಮಾತ್ರ ಬುಸ್. "ಎರಡನೇ ಕೊಠಡಿಗೆ ಬನ್ನಿ" ಸ್ಫಟಿಕದ ಹಾಗೆ ಕೇಳುತ್ತದೆ.
26, ಎರಡನೇ ಕೊಠಡಿ: ಸಂಖ್ಯೆ ಸರಿ. "ಎರಡನೇ ಕೊಠಡಿಗೆ" ಇಂದ ಬುಸ್.

ಅಂದರೆ ಎರಡನೇ ಕೊಠಡಿ 27ಕ್ಕೆ ಔಷಧ, 26ಕ್ಕೆ ವಿಷ. ಭಾವನವರಿಗೆ ಹೇಳಿದೆ. ಅವರು ನನ್ನ ಬಿ.ಪಿ. ನೋಡಿದರು.

ರಾತ್ರಿ_ಪಾಳಿ · ರಾತ್ರಿ 11:20

ಸದ್ದು ಯಾವ ಥರ? ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಚಟಪಟ ಅಂದರೆ ಬಫರ್ (ದನಿ ಸರದಿ ಕಾಯುವ ಜಾಗ) ಖಾಲಿಯಾಗುತ್ತಿದೆ ಅಂತ ಅರ್ಥ. ನೀವು ಒಂದು ಸಲಕ್ಕೆ ಕೊಡುವುದು 1,024 ಸ್ಯಾಂಪಲ್, 46 ಮಿಲಿಸೆಕೆಂಡಿನಷ್ಟು ದನಿ. ಅಷ್ಟರೊಳಗೆ ಮುಂದಿನ ತುಂಡು ಬರದಿದ್ದರೆ ಕಾರ್ಡಿನ ಕೈಯಲ್ಲಿ ಏನೂ ಇರುವುದಿಲ್ಲ, ಚಟ್ ಅನ್ನುತ್ತದೆ. ಪೈನಲ್ಲೇ ಟಿ.ವಿ.ಗೆ ಟೋಕನ್ ತೋರಿಸುವ ಬ್ರೌಸರ್ ಕೂಡ ಓಡುತ್ತಿದೆಯಾ?

ಟೋಕನ್_ತಮ್ಮ · ರಾತ್ರಿ 11:32

ಬ್ರೌಸರ್ ಓಡುತ್ತಿದೆ. ಆದರೆ ಇದು ಚಟಪಟ ಅಲ್ಲ. ಒಂದೇ ಸಮನೆ ಬುಸ್. ತಗಡಿನ ಶೀಟಿನ ಮೇಲೆ ಜೋರು ಮಳೆ ಬಿದ್ದ ಹಾಗೆ. ಮಾತು ನಿಂತ ಕಡೆ ಕೊಂಚ ತಗ್ಗುತ್ತದೆ. ಎಷ್ಟು ಸಲ ಓಡಿಸಿದರೂ ಅದೇ ಜಾಗದಲ್ಲಿ ಶುರು, ಅದೇ ಜಾಗದಲ್ಲಿ ನಿಲ್ಲುತ್ತದೆ.

ಸುಮ್ನೆ_ಓದುಗ · ರಾತ್ರಿ 11:40

ನಾಯ್ಸ್ ರಿಡಕ್ಷನ್ ಫಿಲ್ಟರ್ ಹಾಕಿಬಿಡಿ. ಆಡಾಸಿಟಿಯಲ್ಲೇ ಇದೆ.

ಬೈಟೂ_ಕಾಫಿ · ಬುಧವಾರ, ಬೆಳಗ್ಗೆ 7:15

ದಯವಿಟ್ಟು ಫಿಲ್ಟರ್ ಹಾಕಬೇಡಿ. ಅಕ್ಕಿಯಲ್ಲಿ ಕಲ್ಲಿದ್ದರೆ ಆರಿಸಬೇಕು, ತುಪ್ಪ ಹಾಕಿದರೆ ಹೋಗುವುದಿಲ್ಲ. ಅದೂ ಅಲ್ಲದೆ ಫೈಲಿನಲ್ಲಿ ಗದ್ದಲ ಇಲ್ಲವೇ ಇಲ್ಲ. ಫಿಲ್ಟರ್ ಯಾವುದನ್ನು ತೆಗೆಯಬೇಕು?

ತಮ್ಮ ಕೊಟ್ಟಿರುವ ನಾಲ್ಕು ಸಾಲು ಚಿನ್ನದಂಥದ್ದು. ಪ್ರತಿ ಸಲವೂ ಒಂದೇ ಜಾಗ ಅಂದರೆ ಬಫರ್ ಅಲ್ಲ, ವೈರ್ ಅಲ್ಲ, ಕರೆಂಟ್ ಅಲ್ಲ. ಅವು ಯಾವುವೂ ಪದ ನೋಡಿ ಶುರುವಾಗುವುದಿಲ್ಲ. ಗದ್ದಲ ಎಲ್ಲಿ ಶುರುವಾಗುತ್ತದೆ ಅನ್ನುವುದಕ್ಕಿಂತ ಎಲ್ಲಿ ನಿಲ್ಲುತ್ತದೆ ಅನ್ನುವುದು ನನಗೆ ಮುಖ್ಯ ಅನ್ನಿಸಿತು. ಒಂದು ಕೆಟ್ಟ ಫೈಲ್ ಮುಂದಿನದನ್ನೂ ಕೆಡಿಸಬಹುದು. ಆದರೆ ಎರಡನೆಯ ಕೆಟ್ಟ ಫೈಲ್ ಬಂದು ಎಲ್ಲವನ್ನೂ ಸರಿ ಮಾಡುವುದು ಹೇಗೆ? ಹಾಗಾಗುವುದು ಬೆಸ ಸಂಖ್ಯೆಗಳ ಲೆಕ್ಕದಲ್ಲಿ ಮಾತ್ರ. ಬೆಸಕ್ಕೆ ಬೆಸ ಕೂಡಿದರೆ ಸಮ.

ನಿಮ್ಮ ಪಟ್ಟಿಯಲ್ಲಿ ಈ ನಾಲ್ಕು ಫೈಲಿನ ಸೆಕೆಂಡ್ ಎಷ್ಟು? ಕತ್ತರಿಸುವ ಸಾಲು ಹೇಗೆ ಬರೆದಿದ್ದೀರಿ?

ಟೋಕನ್_ತಮ್ಮ · ಬುಧವಾರ, ಬೆಳಗ್ಗೆ 8:02

"ಇಪ್ಪತ್ತಾರು" 0.125. "ಇಪ್ಪತ್ತೇಳು" 0.137. "ಒಂದನೇ ಕೊಠಡಿಗೆ" 0.1. "ಎರಡನೇ ಕೊಠಡಿಗೆ" 0.155. "ಟೋಕನ್ ಸಂಖ್ಯೆ" ಮತ್ತು "ಬನ್ನಿ" ಕತ್ತರಿಸಿಲ್ಲ.

ಸೆಕೆಂಡಿಗೆ 22,050 ಸ್ಯಾಂಪಲ್, ಒಂದಕ್ಕೆ ಎರಡು ಬೈಟ್, ಒಟ್ಟು 44,100 ಬೈಟ್. ಹಾಗಾಗಿ ಸೆಕೆಂಡನ್ನು 44,100ರಿಂದ ಗುಣಿಸಿ, ದಶಾಂಶ ಬಿಟ್ಟು, ಅಷ್ಟು ಬೈಟ್ ಹಾರಿಸುತ್ತೇನೆ. ಆಮೇಲೆ ನಾಲ್ಕನ್ನೂ ಒಂದೇ ಉದ್ದ ಸಾಲು ಮಾಡಿ ಕಳಿಸುತ್ತೇನೆ.

ಅಯ್ಯೋ. ಬರೆಯುತ್ತಿರುವಾಗಲೇ ಹೊಳೆಯಿತು ಅನ್ನಿಸುತ್ತದೆ.

ಬೈಟೂ_ಕಾಫಿ · ಬುಧವಾರ, ಬೆಳಗ್ಗೆ 8:25

ಹೊಳೆದದ್ದು ಸರಿಯೇ ಇದೆ. ಉಳಿದವರಿಗಾಗಿ ಬಿಡಿಸಿ ಬರೆಯುತ್ತೇನೆ.

ಇಪ್ಪತ್ತಾರು: 0.125 × 44,100 = 5,512.5, ದಶಾಂಶ ಬಿಟ್ಟರೆ 5,512. ಸಮ.
ಇಪ್ಪತ್ತೇಳು: 6,041.7, ಅಂದರೆ 6,041. ಬೆಸ.
ಒಂದನೇ ಕೊಠಡಿಗೆ: 4,410. ಸಮ.
ಎರಡನೇ ಕೊಠಡಿಗೆ: 6,835.5, ಅಂದರೆ 6,835. ಬೆಸ.

ನನ್ನ ಹೆಸರಿನ ಕಾಫಿಯಲ್ಲೇ ಹೇಳುತ್ತೇನೆ. ದರ್ಶಿನಿಯ ಕೌಂಟರಿನಲ್ಲಿ ಬೈ ಟೂ ಕಾಫಿಯ ಲೋಟಗಳನ್ನು ಸಾಲಾಗಿ ಇಟ್ಟಿದ್ದಾರೆ ಅಂತ ಇಟ್ಟುಕೊಳ್ಳಿ. ಎರಡೆರಡು ಲೋಟ ಒಂದು ಜೋಡಿ. ನಡುವೆ ಯಾರೋ ಒಂದೇ ಲೋಟ ಎತ್ತಿಕೊಂಡು ಹೋದರು. ಅಲ್ಲಿಂದ ಮುಂದೆ ಪ್ರತಿಯೊಬ್ಬರಿಗೂ ಸಿಗುವುದು ತಮ್ಮದೊಂದು ಲೋಟ, ಪಕ್ಕದವರದೊಂದು ಲೋಟ. ಇನ್ನೊಬ್ಬ ಬಂದು ಮತ್ತೊಂದು ಲೋಟ ಎತ್ತಿದ ಮೇಲೆ ಜೋಡಿ ಮತ್ತೆ ಸರಿಹೋಗುತ್ತದೆ. ಆ ಮತ್ತೊಬ್ಬ ನಿಮ್ಮ ಎರಡನೇ ಕೊಠಡಿ.

ಅಷ್ಟು ಜೋರು ಬುಸ್ ಯಾಕೆ? ಸ್ಯಾಂಪಲ್ಲಿನ ಎರಡು ಬೈಟ್‌ಗಳಲ್ಲಿ ಮೊದಲನೆಯದು ಚಿಲ್ಲರೆ, ಎರಡನೆಯದು ನೋಟು. ಜೋಡಿ ತಪ್ಪಿದರೆ ಚಿಲ್ಲರೆ ನೋಟಾಗುತ್ತದೆ. ಪಿಸುಮಾತಿನಷ್ಟು ಸಣ್ಣ 100 ಅನ್ನುವ ಸ್ಯಾಂಪಲ್ ತೆಗೆದುಕೊಳ್ಳಿ. ಅದರ ಚಿಲ್ಲರೆ ಬೈಟ್ 100, ನೋಟಿನ ಬೈಟ್ ಸೊನ್ನೆ. ಒಂದು ಬೈಟ್ ಜಾರಿದರೆ ಆ 100 ನೋಟಿನ ಜಾಗಕ್ಕೆ ಹೋಗಿ 25,600 ಆಗುತ್ತದೆ. ಚಿಲ್ಲರೆ ಬೈಟ್ ಒಂದು ಸ್ಯಾಂಪಲ್ಲಿನಿಂದ ಇನ್ನೊಂದಕ್ಕೆ ಸಿಕ್ಕಾಪಟ್ಟೆ ಬದಲಾಗುತ್ತಲೇ ಇರುತ್ತದೆ. ಅದನ್ನೇ ದೊಡ್ಡದು ಮಾಡಿ ಕೇಳಿದರೆ ಮಳೆಯ ಸದ್ದು.

ಮೊದಲು ಸ್ಯಾಂಪಲ್ ಲೆಕ್ಕ ಹಾಕಿ, ಆಮೇಲೆ ಬೈಟ್ ಮಾಡಿ. 0.137 × 22,050 = 3,020.85. ದಶಾಂಶ ಬಿಟ್ಟು 3,020. ಅದನ್ನು ಎರಡರಿಂದ ಗುಣಿಸಿ 6,040. ದಶಾಂಶ ಬಿಡುವ ಕೆಲಸ ಗುಣಾಕಾರಕ್ಕೆ ಮುಂಚೆ ಆಗಬೇಕು. ಇಷ್ಟೇ.

ಟೋಕನ್_ತಮ್ಮ · ಬುಧವಾರ, ಬೆಳಗ್ಗೆ 8:51

ಹೋಯಿತು! ನಾಲ್ಕು ಜೋಡಿಯೂ ಚೊಕ್ಕ. ಮೇಡಂ, ನಿಮಗೆ ಫುಲ್ ಕಾಫಿ, ಬೈ ಟೂ ಅಲ್ಲ.

ಒಂದು ಅನುಮಾನ. ಪೈಆಡಿಯೋ ಯಾಕೆ ತಪ್ಪು ತೋರಿಸಲಿಲ್ಲ?

ಬೈಟೂ_ಕಾಫಿ · ಬುಧವಾರ, ಬೆಳಗ್ಗೆ 9:10

ಅದಕ್ಕೆ ಬೈಟ್ ಅಷ್ಟೇ ಗೊತ್ತು. ಯಾವ ಬೈಟ್ ಚಿಲ್ಲರೆ, ಯಾವುದು ನೋಟು ಅಂತ ಬೈಟ್ ಮೇಲೆ ಬರೆದಿರುವುದಿಲ್ಲ. ನೀವು ಫೈಲ್‌ಗಳನ್ನು ಜೋಡಿಸದೆ ಒಂದೊಂದನ್ನೇ ಬೇರೆ ಬೇರೆ ಕಳಿಸಿದ್ದರೆ, ಕೊನೆಯಲ್ಲಿ ಉಳಿದ ಒಂಟಿ ಬೈಟನ್ನು ಅದು ಕೈಬಿಡುತ್ತಿತ್ತು. ಆಗ ಕೆಟ್ಟ ಪದ ಮಾತ್ರ ಕೆಟ್ಟು, ಮುಂದಿನದು ಸರಿ ಇರುತ್ತಿತ್ತು. ನಾವು "ಇಪ್ಪತ್ತೇಳು" ಫೈಲೇ ಸರಿ ಇಲ್ಲ ಅಂತ ಅಕ್ಕನಿಂದ ಮತ್ತೆ ಹೇಳಿಸುತ್ತಿದ್ದೆವು.

ಅಂದಹಾಗೆ ಸ್ಟೀರಿಯೋ ಆದರೆ ನಾಲ್ಕರ ಗುಣಕ ಬೇಕು. ಎರಡು ಬೈಟ್ ಜಾರಿದರೆ ಗದ್ದಲ ಬರುವುದಿಲ್ಲ, ಎಡ ಬಲ ಅದಲು ಬದಲಾಗುತ್ತದೆ. ಅದನ್ನು ಕಂಡುಹಿಡಿಯುವುದು ಇನ್ನೂ ಕಷ್ಟ.

ರಾತ್ರಿ_ಪಾಳಿ · ಬುಧವಾರ, ಬೆಳಗ್ಗೆ 11:30

ಓದಿ ಮೈ ಜುಮ್ಮೆಂದಿತು. ನನಗೂ ಇದೇ ಕಾಯಿಲೆ, ಬೇರೆ ವೇಷದಲ್ಲಿ. ಪಠ್ಯವನ್ನು ದನಿ ಮಾಡಿ ಕೊಡುವ ಒಂದು ಎಪಿಐ (ನೆಟ್ ಮೂಲಕ ಕೋಡಿನಿಂದ ಕರೆಯುವ ಸೇವೆ) ಬಳಸುತ್ತಿದ್ದೇನೆ. ಹೆಡರ್ ಇಲ್ಲದ ಬರೀ 16 ಬಿಟ್ ಸ್ಯಾಂಪಲ್‌ಗಳು ನೆಟ್‌ವರ್ಕ್‌ನಲ್ಲಿ ಹರಿದು ಬರುತ್ತವೆ. ಆಫೀಸಿನಲ್ಲಿ ಸರಿ ಇರುತ್ತದೆ. ಮೆಟ್ರೋದಲ್ಲಿ ಫೋನಿನ ನೆಟ್‌ ಹಾಕಿಕೊಂಡರೆ ಒಂದೊಂದು ಸಲ ನಡುವೆ ಬುಸ್ ಶುರುವಾಗಿ, ಆಮೇಲೆ ತಾನೇ ಸರಿಹೋಗುತ್ತದೆ. ಸಿಗ್ನಲ್ ದೋಷ ಅಂದುಕೊಂಡಿದ್ದೆ.

ಬೈಟೂ_ಕಾಫಿ · ಬುಧವಾರ, ಮಧ್ಯಾಹ್ನ 12:05

ಸಿಗ್ನಲ್ ಕೆಟ್ಟರೆ ದನಿ ತಡವಾಗಬಹುದು, ನಿಲ್ಲಬಹುದು. ಟಿಸಿಪಿಯಲ್ಲಿ (ನೆಟ್‌ನಲ್ಲಿ ಬೈಟ್‌ಗಳನ್ನು ಕ್ರಮ ತಪ್ಪದೆ ತಲುಪಿಸುವ ಪದ್ಧತಿ) ಬೈಟ್ ಕೆಟ್ಟು ಬುಸ್ ಆಗುವುದಿಲ್ಲ. ಆದರೆ ಬೈಟ್‌ಗಳು ಎಷ್ಟೆಷ್ಟರ ತುಂಡಾಗಿ ಕೈಗೆ ಬರುತ್ತವೆ ಅನ್ನುವುದಕ್ಕೆ ಲಂಗುಲಗಾಮಿಲ್ಲ. 1,371 ಬೈಟ್ ಬರಬಹುದು. ನೀವು ಪ್ರತಿ ತುಂಡನ್ನೂ ಬಂದ ಹಾಗೇ ಸ್ಯಾಂಪಲ್ ಮಾಡುತ್ತಿದ್ದರೆ ಕೊನೆಯ ಒಂಟಿ ಬೈಟ್ ಕಳೆದುಹೋಗುತ್ತದೆ, ಮುಂದಿನ ತುಂಡು ಜೋಡಿ ತಪ್ಪಿ ಶುರುವಾಗುತ್ತದೆ. ಮತ್ತೊಂದು ಬೆಸ ತುಂಡು ಬಂದಾಗ ತಾನೇ ಸರಿಹೋಗುತ್ತದೆ. ಉಳಿದ ಬೈಟನ್ನು ಜೇಬಿನಲ್ಲಿಟ್ಟುಕೊಂಡು ಮುಂದಿನ ತುಂಡಿನ ತಲೆಗೆ ಅಂಟಿಸಿ.

ಒಂದು ವೇಳೆ ಮೊದಲಿಂದ ಕೊನೆಯವರೆಗೂ ಬುಸ್ ಇದ್ದರೆ, ಉತ್ತರವನ್ನು ಪಠ್ಯ ಅಂತ ಓದಿದ್ದೀರಾ ನೋಡಿ. ಯುಟಿಎಫ್-8ಕ್ಕೆ (ಅಕ್ಷರಗಳನ್ನು ಬೈಟ್ ಮಾಡುವ ಪದ್ಧತಿ) ಹೊಂದದ ಬೈಟ್ ಸಿಕ್ಕ ಕಡೆಯೆಲ್ಲ ಡಿಕೋಡರ್ ಅದನ್ನು ಕಿತ್ತು, ಆ ಪ್ರಶ್ನೆ ಚಿಹ್ನೆಯ ವಜ್ರ ಇಡುತ್ತದೆ. ಮತ್ತೆ ಬೈಟ್ ಮಾಡಿದರೆ ಆ ವಜ್ರಕ್ಕೆ ಮೂರು ಬೈಟ್. ದನಿಯಲ್ಲಿ ಆಮೇಲೆ ಉಳಿಯುವುದು ಏನೂ ಇಲ್ಲ.

ಐವಿಆರ್_ಹಳಬ · ಬುಧವಾರ, ರಾತ್ರಿ 9:40

ಮೂರು ದಿನದಿಂದ ಸುಮ್ಮನೆ ಓದುತ್ತಿದ್ದೆ, ತಡೆಯಲಾಗಲಿಲ್ಲ. "ಕನ್ನಡಕ್ಕಾಗಿ ಒಂದನ್ನು ಒತ್ತಿ" ಅನ್ನುವ ವ್ಯವಸ್ಥೆಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವನು ನಾನು. ಅಲ್ಲಿಯ ಗದ್ದಲ ಬೇರೆ.

ಟೆಲಿಫೋನ್ ದನಿ ಸೆಕೆಂಡಿಗೆ 8,000 ಸ್ಯಾಂಪಲ್, ಒಂದಕ್ಕೆ 8 ಬಿಟ್, ಒಟ್ಟು 64 ಕಿಲೋಬಿಟ್. ಜಿ.711 ಅನ್ನುವ ಮಾನದಂಡ, 1972ರದು. ಆ 8 ಬಿಟ್ ನೇರ ಅಳತೆಯಲ್ಲ. ಸಣ್ಣ ದನಿಗೆ ಸಣ್ಣ ಮೆಟ್ಟಿಲು, ದೊಡ್ಡ ದನಿಗೆ ದೊಡ್ಡ ಮೆಟ್ಟಿಲು. ಈ ಮೆಟ್ಟಿಲು ಕಟ್ಟುವುದರಲ್ಲಿ ಎರಡು ಪದ್ಧತಿ. ಅಮೆರಿಕ, ಜಪಾನ್‌ನಲ್ಲಿ ಮ್ಯೂ-ಲಾ. ನಮ್ಮಲ್ಲಿ, ಯುರೋಪಿನಲ್ಲಿ ಎ-ಲಾ. ಒಮ್ಮೆ ಹೊರದೇಶದ ಕಡೆಯಿಂದ ಬಂದ ಸಾಫ್ಟ್‌ವೇರ್ ನಮ್ಮ ಎ-ಲಾ ಫೈಲ್‌ಗಳನ್ನು ಮ್ಯೂ-ಲಾ ಅಂದುಕೊಂಡು ಓದುತ್ತಿತ್ತು. ಮಾತು ಅರ್ಥವಾಗುತ್ತಿತ್ತು, ಆದರೆ ಒಡೆದ ಮಡಕೆಯೊಳಗಿಂದ ಮಾತಾಡಿದ ಹಾಗೆ. ಅರ್ಥವಾಗುತ್ತದಲ್ಲ ಅಂತ ಎಲ್ಲರೂ ಲೈನಿನ ಮೇಲೆ ತಪ್ಪು ಹಾಕಿದರು. ನಾನೂ ಹಾಕಿದೆ. ಪೂರ್ತಿ ಕೆಟ್ಟಿದ್ದರೆ ಒಂದೇ ದಿನದಲ್ಲಿ ಸಿಗುತ್ತಿತ್ತು, ಅರ್ಧ ಕೆಟ್ಟಿದ್ದಕ್ಕೆ ಮೂರು ವಾರ ಹಿಡಿಯಿತು.

ಪೈಥಾನ್‌ನಲ್ಲಿ ಇದನ್ನು ಬದಲಿಸಿಕೊಡುತ್ತಿದ್ದ ಆಡಿಯೋಆಪ್ ಮಾಡ್ಯೂಲನ್ನು 3.13ರಲ್ಲಿ ತೆಗೆದುಹಾಕಿದ್ದಾರೆ. ಹಳೇ ಕೋಡ್ ಇಟ್ಟುಕೊಂಡವರು ನೋಡಿಕೊಳ್ಳಿ.

ಇನ್ನೊಂದು ಹಳೆಯ ಪಾಪ. ವಿಂಡೋಸ್‌ನಲ್ಲಿ ಸಿ ಭಾಷೆಯಲ್ಲಿ ಫೈಲನ್ನು ಬೈನರಿ ಅಂತ ಹೇಳದೆ ಬರೆದರೆ, 10 ಅನ್ನುವ ಬೈಟ್ ಬಂದ ಕಡೆಯೆಲ್ಲ ಅದು ಹೊಸ ಸಾಲು ಅಂದುಕೊಂಡು ಅದಕ್ಕೂ ಮುಂಚೆ ಒಂದು 13 ಸೇರಿಸುತ್ತದೆ. ಒಂದು ಬೈಟ್ ಜಾಸ್ತಿ. ಅಲ್ಲಿಂದ ಬುಸ್. ಮತ್ತೊಂದು 10 ಬಂದರೆ ಸರಿ. ಸಮ ಬೆಸದ ಆಟವನ್ನು ನಾನು ಆಗಲೇ ನೋಡಿದ್ದೆ. ಯಾಕೆ ಅಂತ ಈ ಕಾಫಿ ಲೋಟಗಳನ್ನು ನೋಡಿದ ಮೇಲೆ ಮನಸ್ಸಿಗೆ ಇಳಿಯಿತು.

ಟೋಕನ್_ತಮ್ಮ · ಗುರುವಾರ, ರಾತ್ರಿ 10:30

ನಿಮ್ಮೆಲ್ಲರಿಂದ ಬುಸ್ ಹೋಯಿತು. ತೀರಾ ಸಣ್ಣದೊಂದು ಉಳಿದಿದೆ, ಹೇಳಲಾ ಬೇಡವಾ ಅಂತ ಯೋಚಿಸಿದೆ. ಕತ್ತರಿಸಿದ ಕೆಲವು ಪದಗಳ ಮೊದಲಲ್ಲಿ ಸೂಕ್ಷ್ಮವಾಗಿ "ಟಿಪ್" ಅನ್ನುತ್ತದೆ. ಕೂಗು ಶುರುವಾಗುವ ಮುಂಚೆ ಒಂದು "ಡಬ್" ಕೂಡ.

ಎಸ್ಪಿ_ರೋಡ್_ಪ್ರಜೆ · ಗುರುವಾರ, ರಾತ್ರಿ 10:48

ಡಬ್ ಅನ್ನುವುದು ನೀವು ಪ್ರತಿ ಕೂಗಿಗೂ ಸ್ಟ್ರೀಮ್ ತೆರೆದು ಮುಚ್ಚುತ್ತಿರುವುದರಿಂದ. ಕಾರ್ಡ್ ನಿದ್ದೆಯಿಂದ ಎದ್ದಾಗ ಮೈ ಮುರಿಯುತ್ತದೆ. ಬೆಳಗ್ಗೆ ಒಮ್ಮೆ ತೆರೆದು, ಕೂಗು ಇಲ್ಲದಾಗ ಸೊನ್ನೆಗಳನ್ನು ಕಳಿಸುತ್ತಾ ಇರಿ.

ರಾತ್ರಿ_ಪಾಳಿ · ಗುರುವಾರ, ರಾತ್ರಿ 11:02

ಟಿಪ್ ಅನ್ನುವುದು ಕತ್ತರಿಸಿದ ಅಂಚು. ಅಲೆ ಮೇಲೆ ಏರಿದ್ದಾಗ ಕತ್ತರಿ ಬಿದ್ದರೆ ದನಿ ಸೊನ್ನೆಯಿಂದ ಶುರುವಾಗುವ ಬದಲು ಮಹಡಿಯಿಂದ ಧುಮುಕುತ್ತದೆ. ಮೊದಲ 5 ಮಿಲಿಸೆಕೆಂಡ್, ಅಂದರೆ 110 ಸ್ಯಾಂಪಲ್, ಸೊನ್ನೆಯಿಂದ ನಿಧಾನಕ್ಕೆ ಏರಿಸಿ. ಕೊನೆಯಲ್ಲೂ ಹಾಗೇ ಇಳಿಸಿ. ಬ್ರೌಸರಿನಲ್ಲಿ ವೆಬ್ ಆಡಿಯೋ ಬಳಸುವವರಿಗೂ ಇದೇ ಮಾತು. ಗೇನ್ (ದನಿಯ ಮಟ್ಟ) ಅನ್ನು ಒಂದೇ ಏಟಿಗೆ ಸೊನ್ನೆ ಮಾಡಿದರೆ ಟಿಪ್ ಅನ್ನುತ್ತದೆ, ರ್‍ಯಾಂಪ್ ಬಳಸಬೇಕು.

ಬಫರನ್ನೂ 4,096 ಸ್ಯಾಂಪಲ್ ಮಾಡಿಬಿಡಿ. ಇನ್ನೂರು ಮಿಲಿಸೆಕೆಂಡ್‌ಗಿಂತ ಕಡಿಮೆ ತಡ. ಟೋಕನ್ ಕೂಗುವುದಕ್ಕೆ ಅದೇನೂ ಲೆಕ್ಕವಲ್ಲ, ರೋಗಿಗಳು ಎದ್ದು ಚಪ್ಪಲಿ ಹುಡುಕುವುದಕ್ಕೇ ಹತ್ತು ಸೆಕೆಂಡ್ ಬೇಕು.

ಟೋಕನ್_ತಮ್ಮ · ಸೋಮವಾರ, ರಾತ್ರಿ 9:15

ಎಲ್ಲ ಮಾಡಿದೆ. ಇವತ್ತು ಬೆಳಗ್ಗೆಯಿಂದ ಒಂದು ಟಿಪ್ ಕೂಡ ಇಲ್ಲ. ಗುಂಯ್ ಹುಡುಕಿದ ಅಜ್ಜಿ ಮತ್ತೆ ಬಂದಿದ್ದರು. ಒಳಗೆ ಕೂತು ಮೈಕಿನಲ್ಲಿ ಹೇಳುತ್ತಿರುವ ಹುಡುಗಿ ಯಾರು, ಬೆಳಗ್ಗೆಯಿಂದ ನೀರು ಕುಡಿದಳಾ ಅಂತ ಕೇಳಿದರಂತೆ.

ಮೇಷ್ಟ್ರೇ, ಒಂದು ವಿಷಯ. ಊರಲ್ಲೆಲ್ಲ ಜ್ವರ. ಸಂಜೆ ಆರೂವರೆಗೆ ಟೋಕನ್ 101 ಬಂತು. ಕೋಡ್ ಬಾಯಿ ಮುಚ್ಚಿಕೊಂಡು ಕೂತಿತು. ಕಾಂಪೌಂಡರ್ ಎದ್ದು ಬಾಗಿಲಿಗೆ ಹೋಗಿ ಕೂಗಿದರು.

ನಿವೃತ್ತ_ಮೇಷ್ಟ್ರು · ಸೋಮವಾರ, ರಾತ್ರಿ 9:40

"ನೂರ ಒಂದು" ಅನ್ನುವಲ್ಲಿ ಸಂಧಿಯ ಕಾಟ ಇಲ್ಲಪ್ಪ. ಬಿಡಿಸಿಯೇ ಹೇಳಬಹುದು. "ನೂರ" ಅಂತ ಒಂದೇ ಒಂದು ಪದ ಅಕ್ಕನಿಂದ ಹೇಳಿಸಿಕೊಂಡರೆ 199ರವರೆಗೆ ನಡೆಯುತ್ತದೆ.

ಬೈಟೂ_ಕಾಫಿ · ಸೋಮವಾರ, ರಾತ್ರಿ 9:44

ಅದನ್ನೂ ಸ್ಯಾಂಪಲ್ ಲೆಕ್ಕದಲ್ಲೇ ಕತ್ತರಿಸಿ.